ಪನ್ನೀರು ಗುಲಾಬಿಯ ಸೀಮೆಗೆ

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ಕಂಡವರಿಗೆ ಅದರ ಸೊಗಸನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಮಲ್ಲಿಗೆ, ಮರುಗ, ಸುಗಂಧರಾಜಗಳ ಪರಿಮಳ ನಮ್ಮನ್ನು ತಾನೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಪ್ರತಿ ಸೋಮವಾರ ಬೆಳಗ್ಗೆ ನಾನು ಅಲ್ಲಿಂದ ಒಂದು ಪೊಟ್ಟಣ ಬಿಡಿಹೂವನ್ನೂ ಹತ್ತಾರು ಗುಲಾಬಿಗಳನ್ನೂ ತರುವುದು ರೂಢಿ. ಬಣ್ಣದಲ್ಲಿ, ಆಕಾರದಲ್ಲಿ ಆ ಗುಲಾಬಿಗಳಿಗೆ ಕುಂದಿಲ್ಲ. ಮೊಗ್ಗು ನೀಳ, ಎಸಳು ದಪ್ಪ, ನಾಲ್ಕು ದಿನವಾದರೂ ಬಾಡುವುದಿಲ್ಲ. ಅವುಗಳಲ್ಲಿ ಏನೋ ಕೊರತೆಯಿದೆಯೆಂಬುದನ್ನು ನನಗೆ ತಿಳಿಸಿಕೊಟ್ಟವರು ಕಣ್ಣು ಕಾಣದ ನಮ್ಮ ತಾಯಿ.

ಅವ್ವನಿಗೆ ಈಗ ಎಂಬತ್ತಾರು ವರ್ಷ. ಗ್ಲಾಕೋಮಾ ಎಂಬ ಕಣ್ಣಿನ ಬೇನೆ ತಿಳಿಯದಂತೆ ಬಂದು, ತಿಳಿಯುವ ಹೊತ್ತಿಗೆ ಎರಡು ಕಣ್ಣಿನ ಬೆಳಕನ್ನೂ ನುಂಗಿತ್ತು. 2020ರಲ್ಲಿ ಚಾಮರಾಜನಗರದ ಆಚೆಯ ನಮ್ಮ ತವರಿನಿಂದ ಅವರನ್ನು ಮೈಸೂರಿಗೆ ಕರೆತಂದೆವು. ಕಣ್ಣು ಹೋದರೂ ಅವರ ದಿನಚರಿ ತಪ್ಪಲಿಲ್ಲ. ಬೆಳಗ್ಗೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕೂತರೆ ಒಂದು ಗಂಟೆ ಯಾರೂ ಮಾತನಾಡಿಸುವಂತಿಲ್ಲ. ಪತ್ರೆಯನ್ನು ಬೆರಳಿನಿಂದ ಮುಟ್ಟಿ ಗುರುತಿಸುತ್ತಾರೆ. ಹೂವನ್ನು ಮಾತ್ರ ಮೂಗಿನ ಹತ್ತಿರ ತಂದು ಗುರುತಿಸುತ್ತಾರೆ. ಒಂದು ಸೋಮವಾರ ನಾನು ತಟ್ಟೆಯಲ್ಲಿಟ್ಟಿದ್ದ ಕಡುಗೆಂಪು ಗುಲಾಬಿಯನ್ನು ಎತ್ತಿ, ಮೂಸಿ, ತಿರುಗಿಸಿ ಮತ್ತೊಮ್ಮೆ ಮೂಸಿ, "ಇದು ಹೂವಾ ಮಗಾ, ಕಾಗದದ್ದಾ?" ಎಂದರು. ಹಾಸ್ಯಕ್ಕೆ ಹೇಳಿದ ಮಾತಲ್ಲ. ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಬಚ್ಚಲ ಹಿಂದಲ ಗಿಡ ಇದ್ದದೇನೋ ನೋಡ್ಸು ಕನವ್ವ" ಎಂದರು.

ಬಚ್ಚಲ ಹಿಂದಿನ ಗಿಡ! ನನಗೂ ಅದು ಮರೆತೇಹೋಗಿತ್ತು. ನಮ್ಮ ಹಳ್ಳಿಯ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಾಲುವೆಯ ಮಗ್ಗುಲಲ್ಲಿ, ಆಳೆತ್ತರದ ಒಂದು ಪೊದೆಯಿತ್ತು. ಅದಕ್ಕೆ ನಾವು ಪನ್ನೀರು ಗುಲಾಬಿ ಎನ್ನುತ್ತಿದ್ದೆವು. ಹೂ ದೊಡ್ಡದಲ್ಲ. ಬಟ್ಟಲಿನಂತೆ ದುಂಡಗೆ, ಒಳಗೆ ಒತ್ತೊತ್ತಾಗಿ ಎಸಳು, ಗಾಢವಾದ ಗುಲಾಬಿ ಬಣ್ಣ. ಒಂದೊಂದು ತುದಿಯಲ್ಲಿ ಮೂರು ನಾಲ್ಕು ಮೊಗ್ಗು. ಮುಂಜಾನೆ ಅರಳಿದ್ದು ಮಾರನೆಯ ದಿನ ಕೈ ತಾಗಿದರೆ ಉದುರುತ್ತಿತ್ತು. ಆದರೆ ಉದುರಿದ ಎಸಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಶಾಲೆಗೆ ಹೋದರೆ ಸಂಜೆಯವರೆಗೆ ಪರಿಮಳ. ಯುಗಾದಿಗೂ ಹೂ, ದೀಪಾವಳಿಗೂ ಹೂ, ಶಿವರಾತ್ರಿಗೂ ಹೂ. ಅದಕ್ಕೆ ಗೊಬ್ಬರ ಹಾಕಿದವರಿಲ್ಲ, ಔಷಧಿ ಹೊಡೆದವರಿಲ್ಲ. ಅಣ್ಣ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದಾಗ ಹಿತ್ತಿಲಿಗೆಲ್ಲ ಸಿಮೆಂಟು ಬಳಿಸಿದರು. ಗಿಡ ಯಾವ ದಿನ ಹೋಯಿತೆಂದು ಮನೆಯ ಯಾರಿಗೂ ನೆನಪಿಲ್ಲ.

ಇರಲಿ, ಗುಲಾಬಿ ಗಿಡಕ್ಕೇನು ಬರ ಎಂದುಕೊಂಡು 2021ರ ಜೂನ್‌ನಲ್ಲಿ ಊರ ಹೊರಗಿನ ಒಂದು ಸಸ್ಯಕ್ಷೇತ್ರಕ್ಕೆ ಹೋದೆ. ಪನ್ನೀರು ಗುಲಾಬಿ ಇದೆಯೇ ಎಂದಾಗ ಅಲ್ಲಿನವರು ಹಿಂದುಮುಂದು ನೋಡದೆ "ಇದೇ ತಗೊಳ್ಳಿ ಮೇಡಂ" ಎಂದು ಒಂದು ಕಸಿ ಗಿಡವನ್ನು ಕೊಟ್ಟರು. ಎರಡು ತಿಂಗಳಿಗೆ ಹೂ ಬಿಟ್ಟಿತು. ನೀಳ ಮೊಗ್ಗು, ರಕ್ತಗೆಂಪು, ವಾಸನೆ ಶೂನ್ಯ. ಮಾರುಕಟ್ಟೆಯ ಹೂವೇ ನನ್ನ ಅಂಗಳಕ್ಕೂ ಬಂದಿತ್ತು. ಮುಂದಿನ ವರ್ಷದ ಬೇಸಗೆಯಲ್ಲಿ ಅದರ ಕೊಂಬೆಗಳು ತುದಿಯಿಂದ ಕಪ್ಪಾಗಿ ಒಣಗುತ್ತ ಬಂದು ಕೊನೆಗೆ ಒಂದೇ ಒಂದು ಬಡಕಲು ಕೊಂಬೆ ಉಳಿಯಿತು. ಬುಡದಿಂದ ಮಾತ್ರ, ಕಸಿ ಕಟ್ಟಿದ ಗಂಟಿನ ಕೆಳಗಿನಿಂದ, ಮುಳ್ಳುಮುಳ್ಳಾದ ಹುರುಪಿನ ಚಿಗುರುಗಳು ಎದ್ದವು. ಇವು ಕಾಡು ಚಿಗುರು, ಸಾರವನ್ನೆಲ್ಲ ಎಳೆದುಕೊಳ್ಳುತ್ತವೆ, ಕಂಡಕೂಡಲೆ ಕಿತ್ತುಹಾಕಿ ಎಂದು ಸಸ್ಯಕ್ಷೇತ್ರದವರೂ ಹೇಳಿದ್ದರು, ನಾನು ಓದಿದ ತೋಟಗಾರಿಕೆಯ ಪುಸ್ತಕದಲ್ಲಿಯೂ ಹಾಗೆಯೇ ಇತ್ತು. ನಾನು ವಿಧೇಯಳಾಗಿ ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿದು ಕೂತು ಅವುಗಳನ್ನು ಸವರುತ್ತ ಬಂದೆ.

ಹೀಗಿರುವಾಗ 2023ರ ಫೆಬ್ರವರಿಯಲ್ಲಿ ದಿಂಡಿಗಲ್ಲಿಗೆ ಹೋಗುವ ಪ್ರಸಂಗ ಬಂತು. ನಮ್ಮ ಯಜಮಾನರ ಜೊತೆ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಸ್ನೇಹಿತರೊಬ್ಬರ ಮಗಳ ಮದುವೆ. ರೈಲು ಬೇಡ, ನಮ್ಮ ಕಡೆಯ ಘಟ್ಟವನ್ನಿಳಿದು ಕಾರಿನಲ್ಲೇ ಹೋಗೋಣವೆಂದರು. ಅವ್ವನನ್ನು ತಂಗಿಯ ವಶಕ್ಕೆ ಒಪ್ಪಿಸಿ ಹೊರಟೆವು.

ಚಾಮರಾಜನಗರದಲ್ಲಿ ರಾತ್ರಿ ತಂಗಿ ಬೆಳಕು ಹರಿದ ಮೇಲೆ ಮುಂದಕ್ಕೆ ನಡೆದೆವು. ಕಾಡುಪ್ರಾಣಿಗಳ ಹಿತಕ್ಕಾಗಿ 2022ರಿಂದ ದಿಂಬಂ ಘಟ್ಟದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗಡಿ ದಾಟಿದರೂ ಕಿವಿಗೆ ಬೀಳುವ ಮಾತು ಬದಲಾಗುವುದಿಲ್ಲ. ತಾಳವಾಡಿ ಸೀಮೆ ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತು ಹೆಚ್ಚಾಗಿ ಕನ್ನಡವೇ; ನಮ್ಮ ಹಳ್ಳಿಗಳಿಗೂ ಅವರಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಹಿಂದಿನಿಂದ ಬಂದದ್ದು. ಹಾಸನೂರಿನ ಕಾಡಿನಲ್ಲಿ ಹಾದಿಯ ಪಕ್ಕ ಆನೆಗಳ ಲದ್ದಿ ಇನ್ನೂ ಹಸಿಯಾಗಿತ್ತು. ದಿಂಬಂ ತಲುಪಿದ ಮೇಲೆ ಇಪ್ಪತ್ತೇಳು ಕಡಿದಾದ ತಿರುವುಗಳು. ಪ್ರತಿ ತಿರುವಿಗೂ ಅಂಕಿ ಬರೆದ ಫಲಕವಿದೆ. ಎದುರಿಗೆ ಭಾರದ ಲಾರಿ ಬಂದರೆ ನಿಂತು ಕಾಯಬೇಕು. ಕಾಯುವ ಹೊತ್ತಿನಲ್ಲಿ ಕೆಳಗಿನ ಬಯಲು ಬಿಸಿಲಿನ ಮಂಜಿನಲ್ಲಿ ಕಡಲಿನಂತೆ ಕಾಣುತ್ತದೆ. ಇಳಿದೊಡನೆ ಬಣ್ಣಾರಿ ಅಮ್ಮನ ಗುಡಿ. ಅಲ್ಲಿಂದ ಮುಂದೆ ಸತ್ಯಮಂಗಲ.

ಸತ್ಯಮಂಗಲ ಮಲ್ಲಿಗೆಯ ಊರು. ಗೋಬಿಚೆಟ್ಟಿಪಾಳ್ಯದ ಕಡೆ ಕಾಲುವೆ ನೀರಿನ ಗದ್ದೆ, ಕಾಂಗೇಯಂ ಸುತ್ತ ಎತ್ತುಗಳಿಗೆ ಹೆಸರಾದ ಒಣನೆಲ, ಧಾರಾಪುರಂ, ತರಕಾರಿ ಲಾರಿಗಳು ತುಂಬಿ ನಿಂತ ಒಟ್ಟನ್‌ಚತ್ರಂ. ದಿಂಡಿಗಲ್ ಸೇರುವಾಗ ಸೂರ್ಯ ಇಳಿಮುಖವಾಗಿದ್ದ.

ದಿಂಡಿಗಲ್ ಎಂದೊಡನೆ ಬಂಡೆಯ ಮೇಲಿನ ಕೋಟೆ ಕಣ್ಣಿಗೆ ಬೀಳುತ್ತದೆ. ಬೋಳು ಬಂಡೆ ದಿಂಬಿನಂತೆ ಊರಿನ ತಲೆದೆಸೆಯಲ್ಲಿ ಬಿದ್ದುಕೊಂಡಿದೆ. ಹೈದರ್ ಅಲಿ 1755ರಲ್ಲಿ ಮೈಸೂರಿನ ಪರವಾಗಿ ಇಲ್ಲಿಯ ಫೌಜುದಾರನಾಗಿ ಬಂದವನು. ಆತನ ಭಾಗ್ಯ ತೆರೆದದ್ದೇ ಈ ಕೋಟೆಯಲ್ಲಿ. ಐದು ವರ್ಷದ ಮೇಲೆ, 1760ರಲ್ಲಿ, ಬೆಂಗಳೂರಿನಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದವನೂ ಅವನೇ. ಹೂವಿನ ಹುಡುಕಾಟವಿಲ್ಲದೆ ಬಂದಿದ್ದರೂ ಬೆಟ್ಟ ಹತ್ತುವಾಗ ಲಾಲ್‌ಬಾಗಿನ ನೆನಪಾಯಿತು.

ಮರುದಿನ ಮುಂಜಾನೆ ಮದುವೆಯ ಮಂಟಪದ ಬಾಗಿಲಲ್ಲಿ ಇಬ್ಬರು ಹುಡುಗಿಯರು ಚಂದನ, ಕುಂಕುಮ, ಕಲ್ಲುಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದರು. ಮೂರನೆಯವಳ ಕೈಯಲ್ಲಿ ಬೆಳ್ಳಿಯ ಪನ್ನೀರುದಾನಿ. ಅವಳು ಚಿಮುಕಿಸಿದ ಹನಿ ಮುಖಕ್ಕೆ ಬಿದ್ದದ್ದು ಅಂಗಡಿಯ ಸೀಸೆಯದೆಂದು ತಿಳಿಯಿತು. ಅದರಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಆದರೆ ತಟ್ಟೆಯ ಅಂಚಿಗೆ ಹರಡಿದ್ದ ಎಸಳುಗಳು! ನನ್ನ ಕಾಲು ಅಲ್ಲೇ ನಿಂತಿತು. ಹಿಂದಿದ್ದವರು ತಳ್ಳಿದರೂ ನಾನು ಮುಂದೆ ಹೋಗಲಿಲ್ಲ. ಒಂದು ಹಿಡಿ ಎಸಳನ್ನು ಕೇಳಿ ಪಡೆದು ಸೆರಗಿಗೆ ಕಟ್ಟಿಕೊಂಡೆ. ಐವತ್ತು ವರ್ಷ ಹಿಂದಿನ ಶಾಲೆಯ ಹಾದಿ ನೆನಪಿಗೆ ಬಂತು. ಹೂ ಎಲ್ಲಿಯದೆಂದು ವಿಚಾರಿಸಿದಾಗ ವಧುವಿನ ಸೋದರಮಾವ "ನಿಲಕ್ಕೋಟೈ ಪನ್ನೀರ್ ರೋಜಾ" ಎಂದರು, ಇದೇನು ಕೇಳುವ ಮಾತೇ ಎಂಬಂತೆ.

ನಿಲಕ್ಕೋಟೈ ದಿಂಡಿಗಲ್ಲಿನ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿ. ಒಂದು ಮಗ್ಗುಲಿಗೆ ಸಿರುಮಲೈ, ಇನ್ನೊಂದು ಮಗ್ಗುಲಿಗೆ ದೂರದಲ್ಲಿ ಕೊಡೈಕಾನಲ್ ಬೆಟ್ಟಗಳ ನೀಲಿಗೋಡೆ. ನಡುವಿನ ಬಯಲು ಕೆಂಪು ಮಣ್ಣಿನದು, ಬಾವಿಯ ನೀರಿನದು. ಬೆಳಗ್ಗೆ ಆರಕ್ಕೆಲ್ಲ ನಾವು ಅಲ್ಲಿಯ ಹೂವಿನ ಪೇಟೆಯಲ್ಲಿದ್ದೆವು. ದೇವರಾಜ ಮಾರುಕಟ್ಟೆಯಲ್ಲಿ ಹೂವನ್ನು ಮೊಳದಲ್ಲಿ ಅಳೆದರೆ ಇಲ್ಲಿ ಮೂಟೆಯಲ್ಲಿ ತೂಗುತ್ತಾರೆ. ಗೋಣಿಚೀಲ ಬಿಚ್ಚಿ ನೆಲಕ್ಕೆ ಸುರಿದರೆ ಮಲ್ಲಿಗೆಯ ಗುಡ್ಡ, ಕನಕಾಂಬರದ ಗುಡ್ಡ, ಪಕ್ಕದಲ್ಲಿ ಪನ್ನೀರು ಗುಲಾಬಿಯ ಗುಡ್ಡ. ಕೂಗಾಟ, ತಕ್ಕಡಿಯ ಸದ್ದು, ಮೋಟಾರು ಬೈಕಿನ ಹೊಗೆ. ಎಂಟು ಗಂಟೆಗೆ ಬಹುಪಾಲು ಮುಗಿದೇಹೋಯಿತು. ಗುಲಾಬಿಯವರಿಗೆ ಉಳಿದವರಿಗಿಂತ ಅವಸರ ಹೆಚ್ಚು. ಎಸಳು ಬೇಗ ಉದುರುವ ಹೂವಾದ್ದರಿಂದ ಅದೇ ದಿನ ಮಾಲೆಯಾಗಬೇಕು, ಇಲ್ಲವೇ ಗುಲ್ಕಂದಿನವರ ಪಾಲಾಗಬೇಕು.

ಪೇಟೆಯಲ್ಲಿ ಪರಿಚಯವಾದ ಒಬ್ಬ ಹೆಣ್ಣುಮಗಳು, ನನ್ನ ಮುರುಕು ತಮಿಳನ್ನು ಕೇಳಿ ನಕ್ಕು, ತೋಟ ನೋಡುವುದಾದರೆ ಬನ್ನಿ ಅಮ್ಮಾ ಎಂದು ಕರೆದಳು. ಮೂರು ಮೈಲಿ ದೂರ. ಅರ್ಧ ಎಕರೆಯಷ್ಟು ಗುಲಾಬಿ. ಸಾಲಿನಿಂದ ಸಾಲಿಗೆ ಎರಡು ಮೀಟರು, ಗಿಡದಿಂದ ಗಿಡಕ್ಕೆ ಒಂದು ಮೀಟರು. ಗಿಡಗಳು ನನ್ನ ಎದೆಯೆತ್ತರ, ತಿಳಿಹಸುರು ಎಲೆ, ಸಣ್ಣ ದೊಡ್ಡ ಮುಳ್ಳು. ಹೂವನ್ನು ಬೆಳಕು ಹರಿಯುವ ಮುನ್ನವೇ, ತಲೆಗೆ ದೀಪ ಕಟ್ಟಿಕೊಂಡು ಬಿಡಿಸುತ್ತಾರಂತೆ. ಬಿಸಿಲು ಏರಿದಷ್ಟೂ ಸುವಾಸನೆಯ ತೈಲ ಆರಿಹೋಗುತ್ತದೆ. ಅವಳ ಮುಂಗೈ ತುಂಬ ಗೀರು. ನಾನು ನೋಡುತ್ತಿದ್ದುದನ್ನು ಕಂಡು ಸೆರಗನ್ನು ಇಳಿಬಿಟ್ಟುಕೊಂಡಳು.

"ಸಸಿ ಎಲ್ಲಿಂದ ತಂದಿರಿ ಅಕ್ಕಾ?" ಎಂದು ಕೇಳಿದೆ.

"ತರುವುದೇಕೆ? ಮಾವನ ಕಾಲದ ಗಿಡ. ಒಂದು ಸತ್ತರೆ ಅದರ ಪಕ್ಕದ್ದರಿಂದ ಒಂದು ಕಡ್ಡಿ ಮುರಿದು ನೆಡುತ್ತೇವೆ. ಕಸಿಯಲ್ಲ ಇದು. ಬೇರೂ ಇದೇ, ಹೂವೂ ಇದೇ." ಆಮೇಲೆ ತಾನಾಗಿಯೇ ಸೇರಿಸಿದಳು: "ನನ್ನ ತಮ್ಮ ಒಂದು ನರ್ಸರಿಯಲ್ಲಿ ಕಣ್ಣು ಕಟ್ಟುವ ಕೆಲಸ ಮಾಡುತ್ತಾನೆ. ಈ ಗಿಡದ್ದೇ ಕಡ್ಡಿ ಒಯ್ದು ಬೇರು ಬರಿಸಿ, ಅದರ ಮೇಲೆ ಪಟ್ಟಣದವರ ರೋಜಾ ಕಟ್ಟುತ್ತಾರೆ. ಕೆಳಗಿನದು ಚಿಗುರಿದರೆ ಕಿತ್ತುಹಾಕುತ್ತಾರೆ."

ನಾನು ಅವಳ ಗಿಡದ ಒಂದು ಹೊಸ ಚಿಗುರನ್ನು ಹಿಡಿದು ನೋಡಿದೆ. ಅದೇ ತಿಳಿಹಸುರು ಎಲೆ, ಅದೇ ಮುಳ್ಳು. ಹದಿನೈದು ದಿನಕ್ಕೊಮ್ಮೆ ಕತ್ತರಿಯಲ್ಲಿ ನಾನು ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತಿದ್ದುದು ಇದನ್ನೇ ಆಗಿದ್ದಿತು. ಯಜಮಾನರು ಏನೂ ಹೇಳಲಿಲ್ಲ. ಹೇಳದಿದ್ದುದೇ ವಾಸಿ.

ಆ ಗಿಡದ ಕಥೆಯನ್ನು ಆಮೇಲೆ ನಾನು ಓದಿ ತಿಳಿದುಕೊಂಡೆ. ತೋಟಗಾರಿಕೆಯವರು ಇದನ್ನು ಎಡ್ವರ್ಡ್ ಗುಲಾಬಿ ಎನ್ನುತ್ತಾರೆ. ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿನ ಪಕ್ಕದಲ್ಲಿ, ಫ್ರೆಂಚರಿಗೆ ಸೇರಿದ ರಿಯೂನಿಯನ್ ಎಂಬ ದ್ವೀಪವಿದೆ. ಆಗ ಅದರ ಹೆಸರು ಬೂರ್ಬೋಂ. ಅಲ್ಲಿಯ ರೈತರು ಹೊಲದ ಸುತ್ತ ಎರಡು ಬಗೆಯ ಗುಲಾಬಿಯನ್ನು ಬೇಲಿಯಾಗಿ ಹಚ್ಚುತ್ತಿದ್ದರು. ಒಂದು, ವರ್ಷಕ್ಕೆ ಎರಡು ಸಲ ಹೂ ಬಿಡುವ, ಬಹಳ ಸುವಾಸನೆಯ ಡಮಾಸ್ಕಸ್ ಗುಲಾಬಿ. ಇನ್ನೊಂದು ಚೀನಾದಿಂದ ಬಂದದ್ದು. ಸುವಾಸನೆ ಅಲ್ಪ, ಆದರೆ ಬಿಡುವಿಲ್ಲದೆ ಹೂ ಕೊಡುವಂಥದು. 1817ರಲ್ಲಿ ಅಲ್ಲಿಗೆ ಬಂದ ಬ್ರಿಯೋಂ ಎಂಬ ಸಸ್ಯಶಾಸ್ತ್ರಜ್ಞ, ಎದುವಾರ್ ಪೆರಿಶೋಂ ಎಂಬುವನ ಬೇಲಿಯಲ್ಲಿ ಈ ಎರಡಕ್ಕೂ ಹುಟ್ಟಿದಂತಿರುವ ಒಂದು ಹೊಸ ಗಿಡವನ್ನು ಗುರುತಿಸಿದ. ಎರಡು ವರ್ಷದ ಮೇಲೆ, 1819ರಲ್ಲಿ, ಅದರ ಬೀಜವನ್ನು ಪ್ಯಾರಿಸ್ಸಿನ ಬಳಿಯ ತೋಟಗಾರ ಜಾಕ್ ಎಂಬಾತನಿಗೆ ಕಳುಹಿಸಿದ. ಯೂರೋಪಿನಲ್ಲಿ ಆ ವಂಶದಿಂದ ನೂರಾರು ಗುಲಾಬಿಗಳು ಹುಟ್ಟಿಕೊಂಡವು. ಬೇಲಿಯ ಯಜಮಾನನ ಹೆಸರೇ ಗಿಡಕ್ಕೆ ನಿಂತು, ನಮ್ಮ ನಾಡಿನಲ್ಲಿ ಎಡ್ವರ್ಡ್ ಆಯಿತು. ಯಾವ ದೊರೆಯ ಹೆಸರೂ ಅಲ್ಲ, ಯಾರು ಹಚ್ಚಿದರೆಂದು ಗೊತ್ತಿಲ್ಲದ ಬೇಲಿಯ ಗಿಡ.

ಚೀನಾದ ಗುಲಾಬಿ ವರ್ಷವೆಲ್ಲ ಹೂ ಬಿಡುವುದಕ್ಕೆ ಕಾರಣವನ್ನು ಜಪಾನ್ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಗುಲಾಬಿಯ ಜೀವಕೋಶದಲ್ಲಿ "ಇನ್ನು ಸಾಕು, ಹೂ ಬಿಡಬೇಡ" ಎಂದು ತಡೆಯುವ ಒಂದು ವಂಶವಾಹಿ ಇರುತ್ತದೆ. ಚೀನಾದ ಗಿಡದಲ್ಲಿ ಅದರ ನಡುವೆ ಬೇರೊಂದು ತುಣುಕು ಸೇರಿಕೊಂಡು ಆ ತಡೆ ಕೆಲಸಗೆಟ್ಟಿದೆ. ಕೆಟ್ಟುಹೋದದ್ದರಿಂದಲೇ ನಮಗೆ ಯುಗಾದಿಗೂ ದೀಪಾವಳಿಗೂ ಹೂ. ರಾಜಸ್ಥಾನದ ಹಲ್ದಿಘಾಟಿಯ ಗುಲಾಬಿಗೆ ಚೈತ್ರದ ಹೂವೆಂದೇ ಹೆಸರು. ಆ ಒಂದು ಹಂಗಾಮು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಇನ್ನು ಪರಿಮಳದ ಮಾತು. ಗುಲಾಬಿ ಎಂಬ ಹೆಸರೇ ಪಾರಸಿಯದು. ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ನಮ್ಮ ಪನ್ನೀರು ಅದೇ ವಸ್ತುವಿಗೆ ದ್ರಾವಿಡ ಮಾತು: ಪನಿ ಎಂದರೆ ಹನಿ. ಹೂವಿಗೂ ಅದರ ನೀರಿಗೂ ಹೆಸರಿನಲ್ಲಿ ಭೇದವಿಲ್ಲ. ಗುಲಾಬಿಯ ಸುಗಂಧದಲ್ಲಿ ಜೆರೇನಿಯಾಲ್, ಸಿಟ್ರೊನೆಲ್ಲಾಲ್, ಫಿನೈಲ್ ಇಥೆನಾಲ್ ಎಂಬ ಮುಖ್ಯ ದ್ರವ್ಯಗಳಿವೆ. ಮೂರನೆಯದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಪನ್ನೀರಿನ ಪರಿಮಳ ಬಹುಮಟ್ಟಿಗೆ ಅದರದೇ. ಜೆರೇನಿಯಾಲ್ ಹುಟ್ಟುವುದಕ್ಕೆ ನೆರವಾಗುವ ಒಂದು ಕಿಣ್ವ ಎಸಳಿನಲ್ಲಿದೆ, ಪರಿಮಳವಿಲ್ಲದ ಗುಲಾಬಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಎಂದು 2015ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಮಾರುಕಟ್ಟೆಗಾಗಿ ಹೊಸ ತಳಿ ಮಾಡುವವರು ಉದ್ದ ಕಾಂಡ, ಗಟ್ಟಿ ಎಸಳು, ವಿಮಾನದಲ್ಲಿ ಹೋದರೂ ಬಾಡದ ಬಾಳಿಕೆ ಇಷ್ಟನ್ನೇ ಆರಿಸುತ್ತ ಹೋದರು. ಪರಿಮಳವನ್ನು ಯಾರೂ ಬೇಡವೆನ್ನಲಿಲ್ಲ; ಬೇಕೆಂದು ಹೇಳಿದವರೂ ಕಡಿಮೆ. ಎಲ್ಲರೂ ಹಾಗೆಯೇ ಎಂದು ನಾನು ಹೇಳಲಾರೆ. ನಾವು ನಿಂತಿದ್ದ ತೋಟಕ್ಕೆ ಕಾಣುವ ಆ ನೀಲಿ ಬೆಟ್ಟದ ಮೇಲೆಯೇ, ಕೊಡೈಕಾನಲ್‌ನಲ್ಲಿ, ಐ.ಎ.ಎಸ್. ಹುದ್ದೆಯನ್ನು ಬಿಟ್ಟು ನೆಲೆಸಿದ ವೀರರಾಘವನ್ ಅವರು ಪತ್ನಿ ಗಿರಿಜಾ ಅವರೊಡನೆ ನಮ್ಮ ದೇಶದ ಕಾಡು ಗುಲಾಬಿಗಳನ್ನು ಬಳಸಿ ಬೆಚ್ಚನೆಯ ಹವೆಗೆ ಒಗ್ಗುವ ತಳಿಗಳನ್ನು ಮಾಡಿದವರು.

ಆ ಹೆಣ್ಣುಮಗಳು ಹತ್ತು ಕಡ್ಡಿಗಳನ್ನು ಕತ್ತರಿಸಿ, ಬಾಳೆಯ ಪಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿಯ ತುಂಡನ್ನು ಬಿಗಿದು ಕೊಟ್ಟಳು. ಹಣ ಕೊಡಹೋದರೆ ಪೂಜೆಗೆಂದಿರಲ್ಲ, ಕಡ್ಡಿಗೆ ದುಡ್ಡೇನು ಎಂದಳು. ಕೊನೆಗೆ ಅವಳ ಮೊಮ್ಮಗುವಿನ ಕೈಗೆ ಕೊಟ್ಟು ಬಂದೆವು.

ಮೈಸೂರಿಗೆ ಬಂದು ಹತ್ತನ್ನೂ ನೆಟ್ಟೆ. ಒಂದೂ ಉಳಿಯಲಿಲ್ಲ. ದಾರಿಯಲ್ಲಿ ಎರಡು ದಿನ ಕಾರಿನ ಡಿಕ್ಕಿಯಲ್ಲಿ ಬೆಂದದ್ದು ಒಂದು ಕಾರಣ, ಬೇಸಗೆಯ ಬಾಗಿಲಲ್ಲಿ ನೆಟ್ಟದ್ದು ಇನ್ನೊಂದು. ಕಡ್ಡಿ ನೆಡಲು ಜೂನ್, ಜುಲೈ ಲೇಸು. ಆದರೆ ನನಗೆ ಅದರ ಚಿಂತೆ ಅಷ್ಟಾಗಿ ಇರಲಿಲ್ಲ. ಬಂದ ದಿನವೇ, ಕೈಕಾಲು ತೊಳೆಯುವ ಮೊದಲು, ನಾನು ಹಿತ್ತಿಲ ಆ ಕಸಿ ಗಿಡದ ಬುಡವನ್ನು ನೋಡಿ ಬಂದಿದ್ದೆ. ನಾವಿಲ್ಲದ ವಾರದಲ್ಲಿ ಎರಡು ಬುಡಚಿಗುರು ಗೇಣುದ್ದ ಎದ್ದಿದ್ದವು. ಈ ಸಲ ಕತ್ತರಿಯನ್ನು ಮೇಲಿನ ಬಡಕಲು ಕೊಂಬೆಗೆ ಹಾಕಿದೆ.

ಎಲ್ಲ ಕಸಿ ಗಿಡದ ಕೆಳಗೂ ಎಡ್ವರ್ಡ್ ಇರುತ್ತದೆಂದು ತಿಳಿಯಬಾರದು. ಬೇರೆ ಬೇರೆ ಗುಲಾಬಿಗಳನ್ನು ಬೇರಿಗಾಗಿ ಬಳಸುತ್ತಾರೆ. ಕೆಲವು ಬರೀ ಸಣ್ಣ ಬಿಳಿ ಹೂವಿನ ಗೊಂಚಲನ್ನು ಕೊಡುತ್ತವೆ. ನನ್ನದು ಅದೃಷ್ಟ. ಆದರೂ ನಿಮ್ಮ ಮನೆಯಲ್ಲಿ ಮೇಲಿನದು ಸತ್ತು ಕೆಳಗಿನದು ಎದ್ದಿರುವ ಗಿಡವಿದ್ದರೆ ಕೀಳುವ ಮುನ್ನ ಒಂದು ಹೂ ನೋಡಿ ಎಂದು ಮಾತ್ರ ಹೇಳುತ್ತೇನೆ.

ಈ ಗಿಡವನ್ನು ಸಾಕುವುದು ಕಷ್ಟವಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ, ನೀರು ನಿಲ್ಲದ ಮಣ್ಣು ಇದ್ದರೆ ಸಾಕು. ಮಳೆಗಾಲದ ಮೊದಲಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ, ಮೂರು ನಾಲ್ಕು ಕಣ್ಣಿರುವ ಬಲಿತ ಕಡ್ಡಿಯನ್ನು ಅರ್ಧ ಮರಳು ಅರ್ಧ ಮಣ್ಣಿನಲ್ಲಿ ಎರಡು ಕಣ್ಣು ಮುಳುಗುವಂತೆ ಊರಿ ನೆರಳಿನಲ್ಲಿಟ್ಟರೆ ಆರೆಂಟು ವಾರದಲ್ಲಿ ಬೇರೊಡೆಯುತ್ತದೆ. ಕಸಿಯ ಗೊಡವೆಯಿಲ್ಲ. ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಮೂರು ತಿಂಗಳಿಗೊಮ್ಮೆ. ಪುಸ್ತಕಗಳೆಲ್ಲ ಮೂಳೆಯ ಪುಡಿ ಹಾಕಿರೆಂದು ಹೇಳುತ್ತವೆ. ಲಿಂಗದ ಮೇಲಿಡುವ ಹೂವಿಗೆ ಅದನ್ನು ಹಾಕಲು ಅವ್ವ ಒಪ್ಪುವವರಲ್ಲ. ನಾನೂ ಕೇಳಲು ಹೋಗಲಿಲ್ಲ. ಕಡಲೆಕಾಯಿ ಹಿಂಡಿಯನ್ನು ನೀರಿನಲ್ಲಿ ನೆನೆಸಿ, ಹುಳಿ ಬಂದ ಮೇಲೆ ತೆಳ್ಳಗೆ ಮಾಡಿ ಹೊಯ್ಯುತ್ತೇನೆ. ಗಿಡ ದೂರು ಹೇಳಿಲ್ಲ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಒಣ ಮತ್ತು ಸೊರಗಿದ ಕೊಂಬೆಗಳನ್ನು ತೆಗೆದು ಉಳಿದವನ್ನು ಅರ್ಧಕ್ಕೆ ಸವರಬೇಕು. ಕತ್ತರಿ ಓರೆಯಾಗಿ, ಹೊರಗೆ ನೋಡುವ ಕಣ್ಣಿನ ಮೇಲೆ ಬೀಳಬೇಕು. ಸುಮಾರು ನಲವತ್ತೈದು ದಿನಕ್ಕೆ ಹೂ. ಬಾಡಿದ ಹೂವನ್ನು ಗಿಡದಲ್ಲೇ ಬಿಡದೆ, ಕೆಳಗಿನ ಐದೆಲೆಯ ಗರಿಯವರೆಗೆ ಕತ್ತರಿಸುತ್ತಿದ್ದರೆ ಬೇಗನೆ ಮತ್ತೆ ಮೊಗ್ಗು ಕಟ್ಟುತ್ತದೆ. ಎಲೆಯ ಮೇಲೆ ಕಪ್ಪು ಚುಕ್ಕೆ ಮಳೆಯಲ್ಲಿ ಬಂದೇ ಬರುತ್ತದೆ. ಉದುರಿದ ಎಲೆಯನ್ನು ಗುಡಿಸಿ ತೆಗೆದು, ನೀರನ್ನು ಎಲೆಗೆ ಹೊಯ್ಯದೆ ಬುಡಕ್ಕೆ ಹೊಯ್ದರೆ ಗಿಡ ಸುಧಾರಿಸಿಕೊಳ್ಳುತ್ತದೆ. ವಿಷದ ಸಿಂಪಡಣೆ ಮಾಡಿದ ಹೂವನ್ನು ಗುಲ್ಕಂದಿಗೆ ಬಳಸಲೇಬಾರದು. ಮನೆಯ ಹೂವಾದರೆ, ತೊಳೆದು ನೀರಾರಿದ ಎಸಳಿನ ಒಂದು ಪದರ, ಸಕ್ಕರೆಯ ಒಂದು ಪದರ, ಹೀಗೆ ಗಾಜಿನ ಜಾಡಿ ತುಂಬಿಸಿ ಮೂರು ನಾಲ್ಕು ವಾರ ಬಿಸಿಲಿಗಿಟ್ಟರೆ ಆಯಿತು. ನನ್ನ ಮೊದಲ ಜಾಡಿಗೆ ಇರುವೆ ಹತ್ತಿ ಹಾಳಾಯಿತು. ಜಾಡಿಯನ್ನು ನೀರಿನ ತಟ್ಟೆಯಲ್ಲಿಡುವುದನ್ನು ಮರೆಯಬಾರದು.

ಬುಡಚಿಗುರು ಬೇಸಗೆಯೆಲ್ಲ ಬೆಳೆದು ಸೊಂಟದೆತ್ತರವಾಯಿತು. ಮೇ ತಿಂಗಳ ಕೊನೆಯಲ್ಲಿ ಮೂರು ಮೊಗ್ಗು ಕಂಡವು. ಅವ್ವನಿಗೆ ಹೇಳಲಿಲ್ಲ. ಒಂದು ವೇಳೆ ಕಾಗದದ ಹೂವೇ ಆದರೆ? ಮೊದಲನೆಯದು ಅರಳಿದ ಬೆಳಗ್ಗೆ ಬಗ್ಗಿ ಮೂಸಿ ನೋಡಿ, ಕಿತ್ತು, ಪತ್ರೆಯ ಜೊತೆಗೆ ತಟ್ಟೆಯಲ್ಲಿಟ್ಟು ಒಳಗೆ ಬಂದುಬಿಟ್ಟೆ.

ಪೂಜೆ ಮುಗಿಯುವವರೆಗೆ ಯಾವ ಮಾತೂ ಇಲ್ಲ. ಕರಡಿಗೆಯಲ್ಲಿ ಲಿಂಗವನ್ನಿಟ್ಟು ಕೊರಳಿಗೆ ಧರಿಸಿಕೊಂಡ ಮೇಲೆ ಅವ್ವ ನನ್ನನ್ನು ಕರೆದರು. ಹೂವಿನ ಎಸಳು ಅವರ ಮಡಿಲಲ್ಲಿ ಉದುರಿದ್ದವು. ಒಂದೊಂದನ್ನೇ ತಡವಿ ಆರಿಸಿ ಅಂಗೈಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ಗಿಡ ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ.

"ಎಲ್ಲಿ ನೆಟ್ಟಿದ್ದೀ?"

"ಹಿತ್ತಿಲ ಮೂಲೇಲಿ, ಅವ್ವ."

"ಬಚ್ಚಲ ನೀರು ಅತ್ತಾಗೆ ಹೋಗ್ತದಾ?"

ನಮ್ಮ ಮನೆಯ ಬಚ್ಚಲ ನೀರು ಪಟ್ಟಣದ ಕೊಳವೆಯಲ್ಲಿ ಹೋಗುತ್ತದೆ. ಇಲ್ಲವೆಂದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿದರು. "ಅಕ್ಕಿ ತೊಳ್ದ ನೀರಾರೂ ಹುಯ್ಯಿ ಕನವ್ವ" ಎಂದರು.